ಆರುಷಾ ಕೋರ್ಟಿಗೆ ಹೋದ ಅರ್ಜಿಗಳು ವಿಚಾರಣೆಗೂ ಮೊದಲೇ ಯಾಕೆ ವಜಾ ಆಗುತ್ತವೆ?

ನೀಲಿಶಾಯಿ:
ಎಲ್ಲರಿಗೂ ನಮಸ್ಕಾರ. ಎಲ್‌ಎಲ್‌ಎಂ ಓದುತ್ತಿದ್ದೇನೆ, ಆಫ್ರಿಕಾದ ಮಾನವ ಹಕ್ಕುಗಳ ಕೋರ್ಟಿನ ಮೇಲೆ ಪ್ರಬಂಧ ಬರೆಯಬೇಕು. ಟಾಂಜಾನಿಯಾದ ಆರುಷಾದಲ್ಲಿದೆಯಲ್ಲ, ಅದೇ. ಯಾವ ತೀರ್ಪು ತೆಗೆದರೂ ಮೊದಲ ಪುಟಗಳೆಲ್ಲ ಅಡ್ಮಿಸಿಬಿಲಿಟಿಗೇ ಹೋಗುತ್ತವೆ. ಜೈಲಿನಲ್ಲಿ ಏನಾಯ್ತು, ವಿಚಾರಣೆ ಸರಿಯಾಗಿ ನಡೀತಾ ಅನ್ನುವ ಮಾತು ಆಮೇಲೆ. ಮೊದಲು ಅರ್ಜಿ ಹೊತ್ತಿಗೆ ಸರಿಯಾಗಿ ಬಂತಾ, ಅರ್ಜಿದಾರ ತನ್ನ ದೇಶದ ಕೋರ್ಟುಗಳನ್ನೆಲ್ಲ ಮುಗಿಸಿ ಬಂದಿದ್ದಾನಾ ಅನ್ನೋದೇ. ಎಷ್ಟೋ ಅರ್ಜಿಗಳು ಅಲ್ಲಿಗೇ ಮುಗಿಯುತ್ತವೆ. ಹಕ್ಕಿನ ಕೋರ್ಟು ಹೀಗೆ ಕಾಗದಪತ್ರ ನೋಡಿ ಜನರನ್ನು ವಾಪಸ್ ಕಳಿಸೋದು ಸರಿಯಾ? ಈ ಷರತ್ತುಗಳಲ್ಲಿ ನಿಜವಾಗಿ ಮುಖ್ಯವಾದದ್ದು ಯಾವುದು?

ಹಳೇಕಡತ:
ಒಳ್ಳೆ ಪ್ರಶ್ನೆ. ಆದರೆ ಮೊದಲು ಎರಡು ವಿಷಯ ಬೇರೆ ಮಾಡಿಕೊಳ್ಳಿ, ಇಲ್ಲದಿದ್ದರೆ ಪ್ರಬಂಧ ಪೂರ್ತಿ ಗೊಂದಲ ಆಗುತ್ತದೆ. ಈ ಕೇಸು ಕೇಳುವ ಅಧಿಕಾರವೇ ಕೋರ್ಟಿಗೆ ಇದೆಯಾ ಅನ್ನೋದು ನ್ಯಾಯವ್ಯಾಪ್ತಿ. ಅಧಿಕಾರ ಇದ್ದರೂ ಈ ಅರ್ಜಿಯನ್ನು ಈಗ ತೆಗೆದುಕೊಳ್ಳಬಹುದಾ ಅನ್ನೋದು ಅಡ್ಮಿಸಿಬಿಲಿಟಿ. ಕೋರ್ಟು ಮೊದಲನೆಯದನ್ನು ಮುಗಿಸಿಯೇ ಎರಡನೆಯದಕ್ಕೆ ಬರುತ್ತದೆ.

ಆ ಕೋರ್ಟು ಕೊಟ್ಟ ಮೊಟ್ಟಮೊದಲ ತೀರ್ಪನ್ನೇ ನೋಡಿ, 2009ರ ಡಿಸೆಂಬರ್ 15ರದ್ದು. ಸ್ವಿಟ್ಜರ್‌ಲೆಂಡ್‌ನಲ್ಲಿದ್ದ ಚಾಡ್ ದೇಶದ ಪ್ರಜೆ ಮಿಷೆಲೋ ಯೊಗೊಗೊಂಬಾಯೆ ಸೆನೆಗಲ್ ಮೇಲೆ ಅರ್ಜಿ ಹಾಕಿದ್ದರು. ಚಾಡ್‌ನ ಮಾಜಿ ಅಧ್ಯಕ್ಷ ಹಿಸೆನ್ ಹಬ್ರೆಯನ್ನು ಸೆನೆಗಲ್‌ನಲ್ಲಿ ವಿಚಾರಣೆಗೆ ಒಳಪಡಿಸುವುದನ್ನು ನಿಲ್ಲಿಸಿ ಅಂತ ಕೋರಿಕೆ. ಕೋರ್ಟು ಒಳಗಿನ ವಿಷಯಕ್ಕೆ ಕೈಯೇ ಹಾಕಲಿಲ್ಲ. ಯಾಕೆ? ಕೋರ್ಟು ಸ್ಥಾಪಿಸಿದ 1998ರ ಪ್ರೋಟೊಕಾಲ್‌ನ (ಪೂರಕ ಒಪ್ಪಂದದ) 34(6)ನೇ ವಿಧಿ ಪ್ರಕಾರ, ಒಬ್ಬ ವ್ಯಕ್ತಿ ಅಥವಾ ಎನ್‌ಜಿಒ ನೇರವಾಗಿ ಹೋಗಬೇಕಾದರೆ ಇದಕ್ಕೆ ಒಪ್ಪಿಗೆ ಇದೆ ಅಂತ ಆ ದೇಶ ಬೇರೆಯಾಗಿ ಒಂದು ಘೋಷಣೆ ಸಲ್ಲಿಸಿರಬೇಕು. ಸೆನೆಗಲ್ ಸಲ್ಲಿಸಿರಲಿಲ್ಲ. ಅಲ್ಲಿಗೆ ಮುಗಿಯಿತು.

ಇದಕ್ಕಿಂತ ಬೇಸರದ ಸಂಗತಿ ಅಂದರೆ, ಘೋಷಣೆ ಕೊಟ್ಟ ಕೆಲವೇ ದೇಶಗಳಲ್ಲೂ ಹಲವು ಹಿಂದೆ ಸರಿದಿವೆ. 2016ರಲ್ಲಿ ರುವಾಂಡಾ, 2019ರಲ್ಲಿ ಟಾಂಜಾನಿಯಾ, 2020ರಲ್ಲಿ ಬೆನಿನ್ ಮತ್ತು ಐವರಿ ಕೋಸ್ಟ್. ಕೋರ್ಟು ಯಾವ ನೆಲದ ಮೇಲೆ ಕೂತಿದೆಯೋ ಆ ದೇಶವೇ ತನ್ನ ಜನರಿಗೆ ಆ ದಾರಿ ಮುಚ್ಚಿತು. ಹಿಂದೆಗೆತ ಜಾರಿಗೆ ಬರೋದು ನೋಟಿಸ್ ಕೊಟ್ಟ ಒಂದು ವರ್ಷದ ಮೇಲೆ, ಮತ್ತು ಅಷ್ಟರೊಳಗೆ ಬಂದ ಅರ್ಜಿಗಳು ಉಳಿಯುತ್ತವೆ ಅಂತ ರುವಾಂಡಾದ ವಿಕ್ಟೊಯಾರ್ ಇಂಗಬಿರೆ ಕೇಸಿನಲ್ಲಿ ಕೋರ್ಟು ಹೇಳಿತು. ಆ ಒಂದು ವರ್ಷ ತುಂಬಾ ಮುಖ್ಯ. ಅದು ಇಲ್ಲದೇ ಹೋಗಿದ್ದರೆ ಸರ್ಕಾರ ಒಂದು ಪತ್ರ ಕಳಿಸಿ, ತನ್ನ ಮೇಲೆ ಬರಲಿದ್ದ ಕೇಸಿನಿಂದ ಅವತ್ತೇ ತಪ್ಪಿಸಿಕೊಳ್ಳಬಹುದಿತ್ತು.

ನೀಲಿಶಾಯಿ:
ಇದನ್ನು ನಾನು ಒಟ್ಟಿಗೇ ಬರೆದಿದ್ದೆ ಸರ್, ಬೇರೆ ಅಧ್ಯಾಯ ಮಾಡುತ್ತೇನೆ. ಹಾಗಾದರೆ ಅಡ್ಮಿಸಿಬಿಲಿಟಿಯ ಏಳು ಷರತ್ತುಗಳಿಗೆ ಬರೋಣ.

ಹಳೇಕಡತ:
ಅವು ಇರೋದು ಆಫ್ರಿಕನ್ ಚಾರ್ಟರ್‌ನ, ಅಂದರೆ ಆಫ್ರಿಕಾದ ದೇಶಗಳ ಮಾನವ ಹಕ್ಕುಗಳ ಒಪ್ಪಂದದ, 56ನೇ ವಿಧಿಯಲ್ಲಿ. ಅರ್ಜಿದಾರನ ಹೆಸರು ಇರಬೇಕು. ಹೊರಗೆ ಹೆಸರು ಹೇಳಬೇಡಿ ಅಂತ ಕೇಳಬಹುದು, ಆದರೆ ಕೋರ್ಟಿಗೆ ಗೊತ್ತಿರಬೇಕು. ಚಾರ್ಟರ್‌ಗೆ ಹೊಂದುವಂತಿರಬೇಕು. ಅವಹೇಳನದ ಭಾಷೆ ಇರಬಾರದು. ಬರೀ ಪೇಪರ್, ರೇಡಿಯೊ ಸುದ್ದಿ ನಂಬಿ ಹಾಕಿದ್ದಾಗಿರಬಾರದು. ದೇಶದೊಳಗಿನ ಪರಿಹಾರದ ದಾರಿಗಳು ಮುಗಿದಿರಬೇಕು. ಆಮೇಲೆ ತಕ್ಕಷ್ಟು ಸಮಯದೊಳಗೆ ಬರಬೇಕು. ಬೇರೆ ಅಂತಾರಾಷ್ಟ್ರೀಯ ವೇದಿಕೆಯಲ್ಲಿ ಇತ್ಯರ್ಥ ಆಗಿರಬಾರದು. ಎದುರು ಪಕ್ಷದ ಸರ್ಕಾರ ತಕರಾರು ಎತ್ತದಿದ್ದರೂ ಕೋರ್ಟು ತಾನಾಗಿಯೇ ಏಳನ್ನೂ ಒಂದೊಂದಾಗಿ ನೋಡುತ್ತದೆ. ಕೇಸುಗಳು ನಿಜವಾಗಿ ಬೀಳೋದು ಮಾತ್ರ ಐದನೆಯದರಲ್ಲಿ ಮತ್ತು ಆರನೆಯದರಲ್ಲಿ.

ಬೇಸಿಗೆಮಳೆ:
ಮೂರನೆಯದರ ಬಗ್ಗೆ ನನಗೆ ಸಿಟ್ಟಿದೆ, ಹೇಳಿಬಿಡುತ್ತೇನೆ. ಕ್ಯಾಮರೂನ್‌ನ ಮಾನವ ಹಕ್ಕುಗಳ ಸಂಘವೊಂದು ಆಫ್ರಿಕನ್ ಆಯೋಗದ ಮುಂದೆ (ಇದು ಕೋರ್ಟಲ್ಲ, ಇದೇ ಚಾರ್ಟರ್ ಪ್ರಕಾರ ದೂರು ಕೇಳುವ ಬೇರೆ ಸಂಸ್ಥೆ) ದೂರು ಕೊಟ್ಟಿತ್ತು. ಚಿತ್ರಹಿಂಸೆಯ ಗಂಭೀರ ಆರೋಪಗಳು. ಅದರಲ್ಲಿ ‘ಚಿತ್ರಹಿಂಸಕರ ಆಡಳಿತ’, ‘ಸರ್ಕಾರದ ಬರ್ಬರತೆ’ ಅನ್ನುವ ಥರದ ಮಾತುಗಳಿದ್ದವು. 1997ರಲ್ಲಿ ಆಯೋಗ ಇದು ಅವಹೇಳನದ ಭಾಷೆ ಅಂತ ದೂರನ್ನು ತಳ್ಳಿಹಾಕಿತು. ಚಿತ್ರಹಿಂಸೆ ಅನುಭವಿಸಿದವರು ಚಿತ್ರಹಿಂಸೆ ಕೊಟ್ಟವರನ್ನು ಇನ್ನೇನಂತ ಕರೆಯಬೇಕು? ಪೆಟ್ಟು ತಿಂದವನು ನಯವಾಗಿ ಅಳಬೇಕು ಅಂದ ಹಾಗಾಯಿತು.

ಹಳೇಕಡತ:
ನಿಮ್ಮ ಸಿಟ್ಟು ನ್ಯಾಯವಾದದ್ದೇ. ಅದು ಕೆಟ್ಟ ತೀರ್ಮಾನ ಅಂತ ನಾನೂ ಹೇಳುತ್ತೇನೆ. ನಂತರದ ವರ್ಷಗಳಲ್ಲಿ ಆಯೋಗ ಆ ಮಾತಿನ ಹಿಂದಿನ ಉದ್ದೇಶ ನೋಡಲು ಶುರು ಮಾಡಿತು. ಸಂಸ್ಥೆಯ ಮಾನ ಕಳೆಯಲಿಕ್ಕೇ ಬರೆದದ್ದಾ, ಇಲ್ಲ ನಡೆದದ್ದನ್ನು ವಿವರಿಸಲು ಬಂದ ಕಟು ಮಾತಾ ಅಂತ. ಆದರೆ ಅರ್ಜಿ ಬರೆಯುವವರಿಗೆ ನನ್ನ ಸಲಹೆ ಒಂದೇ. ವಿಶೇಷಣಗಳನ್ನು ತೆಗೆದುಹಾಕಿ, ಘಟನೆ ಬರೆಯಿರಿ. ‘ಕ್ರೂರ ಪೊಲೀಸರು’ ಅನ್ನೋದರ ಬದಲು ಯಾವ ತಾರೀಕು, ಯಾವ ಠಾಣೆ, ಎಷ್ಟು ಹೊತ್ತು, ಯಾವುದರಿಂದ ಹೊಡೆದರು, ಯಾವ ವೈದ್ಯರು ನೋಡಿದರು. ಷರತ್ತಿಗೆ ಹೆದರಿ ಹೇಳುತ್ತಿಲ್ಲ. ಓದುವ ನ್ಯಾಯಾಧೀಶರ ಮೇಲೆ ಪರಿಣಾಮ ಆಗೋದೂ ಅದರಿಂದಲೇ.

ನೀಲಿಶಾಯಿ:
ಐದನೆಯದಕ್ಕೆ ಬರೋಣ ಸರ್. ‘ದಾರಿಗಳು ಮುಗಿದಿರಬೇಕು’ ಅಂದರೆ ಎಲ್ಲಿವರೆಗೆ? ಸುಪ್ರೀಂ ಕೋರ್ಟು, ಅದರ ಮೇಲೆ ಮರುಪರಿಶೀಲನಾ ಅರ್ಜಿ, ಅಧ್ಯಕ್ಷರಿಗೆ ಕ್ಷಮಾದಾನದ ಮನವಿ, ಎಲ್ಲವೂ ಬೇಕಾ?

ಹಳೇಕಡತ:
ಬೇಡ. ಮಾಮೂಲಿ ನ್ಯಾಯಾಂಗದ ದಾರಿ ಮುಗಿದರೆ ಸಾಕು. ಟಾಂಜಾನಿಯಾದ ವಿಷಯದಲ್ಲಿ ಅಂದರೆ ಅವರ ಕೋರ್ಟ್ ಆಫ್ ಅಪೀಲ್‌ವರೆಗೆ.

ಇದಕ್ಕೆ ಅಲೆಕ್ಸ್ ಥಾಮಸ್ ಕೇಸು ಓದಿ, 2015ರ ನವೆಂಬರ್ 20ರ ತೀರ್ಪು. ಸಶಸ್ತ್ರ ದರೋಡೆ ಆರೋಪ, 30 ವರ್ಷ ಶಿಕ್ಷೆ. ಕಾಯಿಲೆ ಬಿದ್ದು ಆಸ್ಪತ್ರೆಯಲ್ಲಿದ್ದಾಗ ಅವರ ಗೈರುಹಾಜರಿಯಲ್ಲೇ ವಿಚಾರಣೆ ಮುಂದುವರಿದಿತ್ತು, ವಕೀಲರೂ ಇರಲಿಲ್ಲ. ಸರ್ಕಾರ ಎತ್ತಿದ ತಕರಾರು ಏನು ಗೊತ್ತಾ? ಮೂಲಭೂತ ಹಕ್ಕು ಉಲ್ಲಂಘನೆ ಅಂತ ಹೈಕೋರ್ಟಿನಲ್ಲಿ ಬೇರೆಯಾಗಿ ಸಾಂವಿಧಾನಿಕ ಅರ್ಜಿ ಹಾಕಬಹುದಿತ್ತು, ಹಾಕಲಿಲ್ಲ, ಆದ್ದರಿಂದ ವಜಾ ಮಾಡಿ ಅಂತ. ಕೋರ್ಟು ಒಪ್ಪಲಿಲ್ಲ. ಅಲ್ಲಿನ ವ್ಯವಸ್ಥೆಯಲ್ಲಿ ಅದೂ, ಮರುಪರಿಶೀಲನೆಯೂ ಅಸಾಮಾನ್ಯ ಪರಿಹಾರಗಳು, ಅವನ್ನು ಮುಗಿಸಿರಲೇಬೇಕು ಅಂತಿಲ್ಲ ಅಂದಿತು.

ಇನ್ನೂ ಒಂದು ಮುಖ್ಯ ಮಾತು ಆ ತೀರ್ಪಿನಲ್ಲಿದೆ. ನ್ಯಾಯಯುತ ವಿಚಾರಣೆಗೆ ಸೇರಿದ ಹಕ್ಕುಗಳು ಒಂದರ ಜೊತೆ ಒಂದು ಹೆಣೆದುಕೊಂಡಿರುತ್ತವೆ. ಹಾಗಾಗಿ ಅರ್ಜಿದಾರ ಅಪೀಲಿನಲ್ಲಿ ಪ್ರತಿಯೊಂದನ್ನೂ ಹೆಸರು ಹಿಡಿದು ಎತ್ತದಿದ್ದರೂ ದೇಶದ ಕೋರ್ಟಿಗೆ ಅದನ್ನು ಸರಿಪಡಿಸುವ ಅವಕಾಶ ಇತ್ತು ಅಂತಲೇ ಲೆಕ್ಕ. ವಕೀಲರಿಲ್ಲದ ಕೈದಿಗಳಿಗೆ ಇದು ದೊಡ್ಡ ಆಸರೆ.

ನಾನು ಎಲ್ಲರಿಗೂ ಹೇಳುವ ಮಾತು ಇದೇ. ಆರುಷಾದಲ್ಲಾಗಲಿ ಬೇರೆಲ್ಲೇ ಆಗಲಿ, ಅರ್ಜಿ ನಿಲ್ಲುತ್ತಾ ಬೀಳುತ್ತಾ ಅನ್ನೋದು ಆ ಕೋರ್ಟಿಗೆ ಬರೆಯಲು ಕೂತಾಗ ತೀರ್ಮಾನ ಆಗೋದಲ್ಲ. ವರ್ಷಗಳ ಹಿಂದೆ, ಕೆಳಗಿನ ಕೋರ್ಟಿನ ಕಡತದಲ್ಲೇ ತೀರ್ಮಾನ ಆಗಿರುತ್ತದೆ. ಚಿತ್ರಹಿಂಸೆಯ ಮಾತನ್ನು ಅಲ್ಲಿ ಎತ್ತಿದರಾ? ಎತ್ತಿದ್ದು ದಾಖಲಾಯಿತಾ? ತೀರ್ಪಿನ ಪ್ರಮಾಣಿತ ಪ್ರತಿ ಇದೆಯಾ? ಅದು ಕೈಗೆ ಬಂದ ತಾರೀಕು ಯಾವುದು?

ಬೇಸಿಗೆಮಳೆ:
ಆದರೆ ಕೋರ್ಟುಗಳೇ ಸರ್ಕಾರದ ಕೈಯಲ್ಲಿದ್ದರೆ? ಕೊಂದವರ ಹತ್ತಿರವೇ ಹೋಗಿ ನ್ಯಾಯ ಕೇಳಿ ಬಾ ಅಂದರೆ ಹೇಗೆ?

ಹಳೇಕಡತ:
ಅದಕ್ಕೇ ಮೂರು ಅಳತೆ ಇವೆ, ಪರಿಹಾರ ಲಭ್ಯ ಇರಬೇಕು, ಪರಿಣಾಮಕಾರಿ ಆಗಿರಬೇಕು, ಸಾಕಾಗುವಂತಿರಬೇಕು. ಗ್ಯಾಂಬಿಯಾದ ಪದಚ್ಯುತ ಅಧ್ಯಕ್ಷ ದಾವ್ಡಾ ಜವಾರಾ ಅವರ ಕೇಸಿನಲ್ಲಿ, 2000ದಲ್ಲಿ, ಆಯೋಗ ಇದನ್ನು ಸ್ಪಷ್ಟವಾಗಿ ಬರೆದಿಟ್ಟಿತು. 1994ರ ಸೇನಾ ದಂಗೆಯಲ್ಲಿ ಅಧಿಕಾರ ಕಳೆದುಕೊಂಡು ದೇಶ ಬಿಟ್ಟವರು ಅವರು. ಜೀವಭಯ ಇರುವ ಮನುಷ್ಯ ವಾಪಸ್ ಬಂದು ಅಲ್ಲಿನ ಕೋರ್ಟಿಗೆ ಹೋಗಲಿ ಅನ್ನೋದು ತರವಲ್ಲ ಅಂತ ಆಯೋಗ ಒಪ್ಪಿತು.

ವಿಳಂಬ ಅತಿಯಾದರೂ ವಿನಾಯಿತಿ ಇದೆ. ಬುರ್ಕಿನಾ ಫಾಸೊದ ಪತ್ರಕರ್ತ ನೋರ್ಬೆರ್ ಜೊಂಗೊ ಮತ್ತು ಜೊತೆಗಿದ್ದ ಮೂವರು 1998ರ ಡಿಸೆಂಬರ್ 13ರಂದು ಸುಟ್ಟುಹೋದ ವಾಹನದಲ್ಲಿ ಹೆಣವಾಗಿ ಸಿಕ್ಕರು. ದೇಶದ ತನಿಖೆ, ವಿಚಾರಣೆ 2006ರವರೆಗೆ ಎಳೆದು, ಕೊನೆಗೆ ಆರೋಪಿಯನ್ನು ಕೈಬಿಡುವ ಆದೇಶದಲ್ಲಿ ಮುಗಿಯಿತು. ಕುಟುಂಬದವರು ಇನ್ನೂ ಒಂದು ಮೆಟ್ಟಿಲು ಹತ್ತಿ ಕ್ಯಾಸೇಷನ್ ಕೋರ್ಟಿಗೆ (ಅಲ್ಲಿನ ಕೊನೆಯ ಮೇಲ್ಮನವಿ ಕೋರ್ಟಿಗೆ) ಹೋಗಬೇಕಿತ್ತು ಅಂತ ಸರ್ಕಾರ ವಾದಿಸಿತು. ಅಷ್ಟು ವರ್ಷ ಎಳೆದಾಡಿದ ಮೇಲೆ ಆ ಮಾತು ನಿಲ್ಲೋದಿಲ್ಲ ಅಂದ ಕೋರ್ಟು, 2014ರಲ್ಲಿ ಕುಟುಂಬಗಳ ಪರ ತೀರ್ಪು ಕೊಟ್ಟಿತು.

ಆದರೆ ‘ನಮ್ಮ ಕೋರ್ಟುಗಳ ಮೇಲೆ ನಂಬಿಕೆ ಇಲ್ಲ’ ಅಂತ ಸುಮ್ನೆ ಒಂದು ಸಾಲು ಬರೆದರೆ ಯಾರೂ ಒಪ್ಪೋದಿಲ್ಲ. ಯಾವ ದಾರಿ ಹಿಡಿದಿರಿ, ಎಲ್ಲಿ ತಡೆ ಬಂತು, ಎಷ್ಟು ಬಾರಿ ಮುಂದೂಡಿದರು, ತೋರಿಸಬೇಕು. ಪೀಟರ್ ಚಾಚಾ ಕೇಸು ನೋಡಿ, ಅದೂ 2014ರ ಮಾರ್ಚ್ 28ರದ್ದೇ, ಜೊಂಗೊ ತೀರ್ಪಿನ ದಿನವೇ. ದೇಶದೊಳಗಿನ ದಾರಿ ಮುಗಿದಿಲ್ಲ ಅಂತ ಬಹುಮತದಿಂದ ವಜಾ ಆಯಿತು. ಎರಡನ್ನೂ ಪಕ್ಕಪಕ್ಕ ಇಟ್ಟು ಓದಿದರೆ ನಿಮ್ಮ ಒಂದು ಅಧ್ಯಾಯ ಸಿದ್ಧ.

ನಿಧಾನಓದು:
ಸ್ವಲ್ಪ ತಡವಾಗಿ ಸೇರಿಕೊಳ್ಳುತ್ತಿದ್ದೇನೆ. ಆರನೆಯ ಷರತ್ತಿನ ಬಗ್ಗೆ ಯಾರಾದರೂ ಬರೆಯುತ್ತೀರಾ? ‘ತಕ್ಕಷ್ಟು ಸಮಯ’ ಅಂದರೆ ಲೆಕ್ಕ ಹೇಗೆ?

ಹಳೇಕಡತ:
ಚಾರ್ಟರ್‌ನಲ್ಲಿ ಅಂಕಿಯೇ ಇಲ್ಲ. ಕೇಸಿನಿಂದ ಕೇಸಿಗೆ ನೋಡುತ್ತಾರೆ. ಅಲೆಕ್ಸ್ ಥಾಮಸ್ ಕೇಸಿನಲ್ಲಿ ಮೂರು ವರ್ಷ ಐದು ತಿಂಗಳು ಆಗಿತ್ತು. ಕಾನೂನು ತಿಳಿಯದವನು, ಬಡವ, ಜೈಲಿನಲ್ಲಿದ್ದಾನೆ ಅಂತ ಒಪ್ಪಿದರು. ಕ್ರಿಸ್ಟೊಫರ್ ಜೊನಾಸ್, ಅಮಿರಿ ರಮದಾನಿ ಕೇಸುಗಳಲ್ಲಿ ಐದು ವರ್ಷ ಒಂದು ತಿಂಗಳು ದಾಟಿತ್ತು, ಅದನ್ನೂ ಒಪ್ಪಿದರು. 2019ರ ಗಾಡ್‌ಫ್ರೆಡ್ ಆಂತೊನಿ ಕೇಸಿನಲ್ಲಿ ಐದು ವರ್ಷ ನಾಲ್ಕು ತಿಂಗಳು. ವಜಾ.

ಈ ಮೂರು ತಿಂಗಳ ಅಂತರ ನೋಡಿ ಹೌಹಾರಬೇಡಿ. ಕೊನೆಯ ಕೇಸಿನ ಅರ್ಜಿದಾರರೂ ಜೈಲಿನಲ್ಲೇ ಇದ್ದರು. ಆದರೆ ಯಾಕೆ ತಡವಾಯಿತು ಅನ್ನೋದಕ್ಕೆ ಕಾರಣ ಕೊಡಲಿಲ್ಲ, ಓದುಬರಹ ಬಾರದು ಅಥವಾ ಈ ಕೋರ್ಟು ಇರೋದೇ ಗೊತ್ತಿರಲಿಲ್ಲ ಅನ್ನುವಂಥ ಯಾವ ಮಾತನ್ನೂ ಮುಂದಿಡಲಿಲ್ಲ. ವ್ಯತ್ಯಾಸ ಮಾಡಿದ್ದು ತಿಂಗಳುಗಳಲ್ಲ, ವಿವರಣೆ. ತಡವಾಗಿದ್ದರೆ ಅದನ್ನು ಮುಚ್ಚಿಡದೆ ಅರ್ಜಿಯಲ್ಲೇ ಒಂದು ಪ್ಯಾರಾ ಬರೆಯಿರಿ. ಜೈಲಿನಿಂದ ತೀರ್ಪಿನ ಪ್ರತಿ ಕೇಳಿದ ಪತ್ರ ಇದ್ದರೆ ಲಗತ್ತಿಸಿ.

ದಾಖಲೆಪುಟ:
ನಾನು ಸ್ಟ್ರಾಸ್‌ಬರ್ಗ್ ಕಡೆಯ, ಅಂದರೆ ಯುರೋಪಿನ ಮಾನವ ಹಕ್ಕುಗಳ ಕೋರ್ಟಿನ, ತೀರ್ಪುಗಳನ್ನು ಓದುವವಳು. ಅಲ್ಲಿ ಇಷ್ಟು ಸಡಿಲ ಇಲ್ಲವೇ ಇಲ್ಲ. ಮೊದಲು ಆರು ತಿಂಗಳು ಇತ್ತು, 15ನೇ ಪ್ರೋಟೊಕಾಲ್ ಬಂದ ಮೇಲೆ 2022ರ ಫೆಬ್ರವರಿ 1ರಿಂದ ನಾಲ್ಕೇ ತಿಂಗಳು. ಸಾಬ್ರಿ ಗುನೆಶ್ ಕೇಸಿನಲ್ಲಿ ಕೊನೆಯ ದಿನ ರಜಾದಿನ ಬಿದ್ದಿತ್ತು, ಅರ್ಜಿ ಅದು ಕಳೆದ ಮೇಲೆ ಹೋಯಿತು. ರಜೆ ಬಂತು ಅಂತ ವಾಯಿದೆ ಮುಂದಕ್ಕೆ ಹೋಗೋದಿಲ್ಲ ಅಂತ 2012ರಲ್ಲಿ ಆ ಕೋರ್ಟಿನ ದೊಡ್ಡ ಪೀಠವಾದ ಗ್ರ್ಯಾಂಡ್ ಚೇಂಬರ್ ಹೇಳಿಬಿಟ್ಟಿತು.

ಇನ್ನು ಅರ್ಜಿಯ ನಮೂನೆ. 2014ರಿಂದ 47ನೇ ನಿಯಮ ಬಿಗಿ ಮಾಡಿದ್ದಾರೆ. ಒಂದು ಖಾನೆ ಖಾಲಿ ಬಿಟ್ಟರೂ, ಸಹಿ ಇಲ್ಲದಿದ್ದರೂ, ತೀರ್ಪಿನ ಪ್ರತಿ ಇಡದಿದ್ದರೂ ಸಾಮಾನ್ಯವಾಗಿ ಅರ್ಜಿ ನೋಂದಣಿಯೇ ಆಗೋದಿಲ್ಲ. ವಾಯಿದೆ ಮಾತ್ರ ಓಡುತ್ತಲೇ ಇರುತ್ತದೆ. ಎಲ್ಲವೂ ಸರಿ ಇರುವ ಅರ್ಜಿ ಅಂಚೆಗೆ ಹಾಕಿದ ದಿನದ ಮುದ್ರೆಯೇ ಲೆಕ್ಕ. ಹಾಗಾಗಿ ಕೊನೆಯ ವಾರದಲ್ಲಿ ಕಳಿಸಿದವರಿಗೆ, ಒಂದು ಕಾಗದ ಕಡಿಮೆ ಇದೆ ಅಂತ ಉತ್ತರ ಬರುವ ಹೊತ್ತಿಗೆ ನಾಲ್ಕು ತಿಂಗಳು ಕಳೆದೇ ಹೋಗಿರುತ್ತದೆ.

ಅರ್ಜಿಗಳಲ್ಲಿ ಬಹುಪಾಲು ಒಬ್ಬರೇ ನ್ಯಾಯಾಧೀಶರ ಮುಂದೆ ಮುಗಿದುಹೋಗುತ್ತವೆ. ಅದರ ಮೇಲೆ ಅಪೀಲಿಲ್ಲ.

ಬೇಸಿಗೆಮಳೆ:
ಇದನ್ನೇ ನಾನು ಹೇಳೋದು. ಇದು ನ್ಯಾಯ ಅಲ್ಲ, ಜರಡಿ ಹಿಡಿಯೋದು.

ದಾಖಲೆಪುಟ:
ಪೂರ್ತಿ ಒಪ್ಪೋದಿಲ್ಲ. 46 ದೇಶಗಳ ಜನ ಒಂದೇ ಕೋರ್ಟಿಗೆ ಬರೆಯುತ್ತಾರೆ, ಶುಲ್ಕವೂ ಇಲ್ಲ. ಎಲ್ಲವನ್ನೂ ಪೂರ್ತಿ ಕೇಳುತ್ತಾ ಕೂತರೆ ಚಿತ್ರಹಿಂಸೆಯ ಕೇಸು ಹತ್ತು ವರ್ಷ ಕಾಯಬೇಕು. 2010ರ ಕೊರೊಲೆವ್ ಕೇಸಿನಲ್ಲಿ ವಿವಾದದ ಮೊತ್ತ ಒಂದು ಯೂರೊಗಿಂತ ಕಡಿಮೆ, 22.50 ರೂಬಲ್. ಹೇಳಿಕೊಳ್ಳುವಂಥ ನಷ್ಟ ಇಲ್ಲ ಅಂತ ತೆಗೆದುಹಾಕಿದರು. ಅದು ನನಗೆ ಸರಿ ಅನ್ನಿಸುತ್ತದೆ.

ನನಗೆ ನೋವಾಗೋದು ಬೇರೆ ಕಡೆ. 2016ರ ಜುಲೈನಲ್ಲಿ ಟರ್ಕಿಯಲ್ಲಿ ದಂಗೆಯ ಪ್ರಯತ್ನ ಆದಮೇಲೆ ಬಂಧನಕ್ಕೊಳಗಾದ ನ್ಯಾಯಾಧೀಶೆ ಮೆರ್ಜಾನ್ ಸ್ಟ್ರಾಸ್‌ಬರ್ಗಿಗೆ ಬರೆದರು. ಅಲ್ಲಿನ ಸಾಂವಿಧಾನಿಕ ನ್ಯಾಯಾಲಯದ ಮೇಲೆ ತಮಗೆ ಭರವಸೆ ಇಲ್ಲ, ಅದರ ಇಬ್ಬರು ಸದಸ್ಯರನ್ನೇ ಬಂಧಿಸಿದ್ದಾರೆ ಅಂದರು. ಮೊದಲು ಅಲ್ಲಿಗೇ ಹೋಗಿ ಅಂತ ಅದೇ ನವೆಂಬರ್‌ನಲ್ಲಿ ಅರ್ಜಿ ವಜಾ ಆಯಿತು. ನಿಯಮದ ಪ್ರಕಾರ ಸರಿ ಇರಬಹುದು. ಒಳಗೆ ಕೂತು ಕಾಯುವವರಿಗೆ ಆ ತಿಂಗಳುಗಳನ್ನು ಯಾರೂ ವಾಪಸ್ ಕೊಡೋದಿಲ್ಲ.

ನಿಧಾನಓದು:
ಲ್ಯಾಟಿನ್ ಅಮೆರಿಕದ ಕಡೆಯದನ್ನು ನಾನು ಸೇರಿಸುತ್ತೇನೆ. ಕೋಸ್ಟರಿಕಾದ ಸಾನ್ ಹೊಸೆಯಲ್ಲಿರುವ ಅಂತರ-ಅಮೆರಿಕನ್ ಮಾನವ ಹಕ್ಕುಗಳ ಕೋರ್ಟಿಗೆ ವ್ಯಕ್ತಿಗಳು ನೇರವಾಗಿ ಕೇಸು ಒಯ್ಯುವ ಹಾಗೇ ಇಲ್ಲ. ವಾಷಿಂಗ್ಟನ್‌ನಲ್ಲಿರುವ ಆಯೋಗಕ್ಕೆ ದೂರು ಕೊಡಬೇಕು, ಆಯೋಗ ಅಥವಾ ದೇಶವೇ ಅದನ್ನು ಕೋರ್ಟಿಗೆ ಒಯ್ಯಬೇಕು. ಷರತ್ತುಗಳು ಅಮೆರಿಕನ್ ಒಪ್ಪಂದದ 46ನೇ ವಿಧಿಯಲ್ಲಿವೆ, ಕೊನೆಯ ತೀರ್ಮಾನ ತಿಳಿದ ದಿನದಿಂದ ಆರು ತಿಂಗಳು.

ಅಲ್ಲಿ ವೆಲಾಸ್ಕೆಸ್ ರೊಡ್ರಿಗೆಸ್ ಕೇಸು ಓದಲೇಬೇಕು. ಹೊಂಡುರಾಸ್‌ನ ವಿದ್ಯಾರ್ಥಿ, 1981ರಲ್ಲಿ ಕಾಣೆಯಾದರು. ಬಂಧಿತರನ್ನು ಕೋರ್ಟಿನ ಮುಂದೆ ತನ್ನಿ ಅಂತ ಕೇಳುವ ಹೇಬಿಯಸ್ ಕಾರ್ಪಸ್ ಇತ್ತಲ್ಲ, ಅದನ್ನು ಸರಿಯಾಗಿ ಮುಗಿಸಲಿಲ್ಲ ಅಂತ ಸರ್ಕಾರದ ತಕರಾರು. ಆದರೆ ಅಲ್ಲಿ ಆ ಅರ್ಜಿ ಹಾಕಬೇಕಾದರೆ ವ್ಯಕ್ತಿಯನ್ನು ಎಲ್ಲಿ ಇಟ್ಟಿದ್ದಾರೆ, ಯಾವ ಅಧಿಕಾರಿಯ ವಶದಲ್ಲಿದ್ದಾರೆ ಅಂತ ಬರೆಯಬೇಕಿತ್ತು. ಗುಟ್ಟಾಗಿ ಎತ್ತಿಕೊಂಡು ಹೋದವರನ್ನು ಎಲ್ಲಿಟ್ಟಿದ್ದಾರೆ ಅಂತ ಮನೆಯವರಿಗೆ ಹೇಗೆ ಗೊತ್ತಾಗಬೇಕು? ಹಾಳೆಯ ಮೇಲೆ ಇರುವ ಪರಿಹಾರ ಪರಿಹಾರವಲ್ಲ ಅನ್ನುವ ಅರ್ಥದಲ್ಲಿ 1988ರಲ್ಲಿ ಕೋರ್ಟು ಅದನ್ನು ಬದಿಗಿಟ್ಟಿತು. 1990ರಲ್ಲಿ ಒಂದು ಸಲಹಾ ಅಭಿಪ್ರಾಯದಲ್ಲಿ ಇನ್ನೂ ಮುಂದೆ ಹೋಗಿ, ಬಡತನದಿಂದ ವಕೀಲರನ್ನು ಇಡಲಾಗದಿದ್ದರೆ, ಅಥವಾ ಭಯದಿಂದ ಯಾವ ವಕೀಲರೂ ಕೇಸು ಹಿಡಿಯದಿದ್ದರೆ, ದೇಶದೊಳಗಿನ ದಾರಿ ಮುಗಿಸಬೇಕಾಗಿಲ್ಲ ಅಂದಿತು. ಹಕ್ಕಿನ ಕೋರ್ಟು ಮಾತಾಡಬೇಕಾದ್ದು ಹೀಗೆ.

ನೀಲಿಶಾಯಿ:
ಇದು ನನಗೆ ಗೊತ್ತೇ ಇರಲಿಲ್ಲ, ತುಂಬಾ ಧನ್ಯವಾದ. ಹಾಗಾದರೆ ಒಂದು ಕಡೆ ಆಗದಿದ್ದರೆ ಇನ್ನೊಂದು ಕಡೆ ಪ್ರಯತ್ನಿಸಬಹುದಾ? ಏಳನೆಯ ಷರತ್ತು ಅದಕ್ಕೇ ಅಡ್ಡ ಬರುತ್ತಾ?

ಹಳೇಕಡತ:
ಅಡ್ಡ ಬರುತ್ತದೆ. ಅದಕ್ಕೇ ಮೊದಲ ಆಯ್ಕೆ ತುಂಬಾ ಯೋಚಿಸಿ ಮಾಡಬೇಕು. ಘಾನಾದ ಡೆಕ್ಸ್‌ಟರ್ ಜಾನ್ಸನ್ ಕೇಸು ನೋಡಿ. ಕೊಲೆಗೆ ಕಡ್ಡಾಯ ಮರಣದಂಡನೆ. ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿ 2014ರಲ್ಲಿ ಅವರ ಪರವಾಗಿಯೇ ಅಭಿಪ್ರಾಯ ಕೊಟ್ಟಿತು. ಘಾನಾ ಜಾರಿ ಮಾಡಲಿಲ್ಲ. ಆರುಷಾಗೆ ಹೋದರು. ಸಮಿತಿ ಆಗಲೇ ಇತ್ಯರ್ಥ ಮಾಡಿದೆ, ಅದು ಜಾರಿ ಆಯಿತೋ ಇಲ್ಲವೋ ಅನ್ನೋದು ಬೇರೆ ವಿಷಯ ಅಂತ 2019ರಲ್ಲಿ ಅರ್ಜಿ ವಜಾ. ಗೆದ್ದದ್ದೇ ಅಡ್ಡಿಯಾಯಿತು. ಸಮಿತಿಯ ಅಭಿಪ್ರಾಯವನ್ನು ಕೋರ್ಟಿನ ತೀರ್ಪಿನ ಸಾಲಿಗೆ ಸೇರಿಸಿದ್ದು ಸರಿಯಲ್ಲ ಅಂತ ನನ್ನ ಗಟ್ಟಿ ಅನಿಸಿಕೆ. ಒಬ್ಬ ಮನುಷ್ಯನ ಜೀವ ತೂಗುತ್ತಿರುವಾಗ ಆ ಸಾಲನ್ನು ಅಷ್ಟು ಅಗಲವಾಗಿ ಓದಬಾರದಿತ್ತು.

ಪಶ್ಚಿಮ ಆಫ್ರಿಕಾದವರಿಗೆ ಇನ್ನೊಂದು ದಾರಿ ಇದೆ, ನೈಜೀರಿಯಾದ ಅಬುಜಾದಲ್ಲಿರುವ ಎಕೊವಾಸ್ (ಪಶ್ಚಿಮ ಆಫ್ರಿಕಾ ದೇಶಗಳ ಒಕ್ಕೂಟ) ಕೋರ್ಟು. ಅಲ್ಲಿ ದೇಶದೊಳಗಿನ ದಾರಿ ಮುಗಿಸಬೇಕು ಅನ್ನುವ ಷರತ್ತೇ ಇಲ್ಲ. ನೈಜರ್‌ನ ಹದಿಜಾತು ಮಾನಿ ಗುಲಾಮಗಿರಿಯ ವಿರುದ್ಧ 2008ರಲ್ಲಿ ಗೆದ್ದದ್ದು ಅಲ್ಲೇ, ಒಂದು ಕೋಟಿ ಸಿಎಫ್‌ಎ ಫ್ರಾಂಕ್ ಪರಿಹಾರ ಕೊಡಿಸಿದರು. ದೇಶದ ಕೋರ್ಟುಗಳಲ್ಲಿ ಅವರ ಕೇಸು ಆಗ ಇನ್ನೂ ಮುಗಿದಿರಲಿಲ್ಲ. ಆದರೆ 2025ರ ಜನವರಿಯಲ್ಲಿ ನೈಜರ್, ಮಾಲಿ, ಬುರ್ಕಿನಾ ಫಾಸೊ ಮೂರೂ ಎಕೊವಾಸ್‌ನಿಂದ ಹೊರಬಂದವು. ಮತ್ತೆ, ಅಬುಜಾದಲ್ಲಿ ತೀರ್ಪು ಆಗಿದ್ದರೆ ಅದೇ ವಿಷಯ ಆರುಷಾದಲ್ಲಿ ನಿಲ್ಲೋದಿಲ್ಲ. ಐವರಿ ಕೋಸ್ಟ್ ಮೇಲಿನ ಗೊಂಬೆರ್ ಕೇಸಿನಲ್ಲಿ 2018ರಲ್ಲಿ ಹಾಗೇ ಆಯಿತು.

ಬೇಸಿಗೆಮಳೆ:
ಒಂದು ಕೊನೆಯ ಪ್ರಶ್ನೆ ಸರ್. ದಾರಿ ಮುಗಿದಿಲ್ಲ ಅಂತ ವಜಾ ಆದರೆ ಶಾಶ್ವತವಾಗಿ ಬಾಗಿಲು ಮುಚ್ಚಿದ ಹಾಗಾ?

ಹಳೇಕಡತ:
ಇಲ್ಲ. ಆ ಕಾರಣಕ್ಕೆ ವಜಾ ಅಂದರೆ ‘ಈಗ ಆಗೋದಿಲ್ಲ’ ಅಂತ ಅರ್ಥ. ದೇಶದಲ್ಲಿ ಉಳಿದ ಮೆಟ್ಟಿಲು ಹತ್ತಿ, ಅಲ್ಲೂ ನ್ಯಾಯ ಸಿಗದಿದ್ದರೆ ಮತ್ತೆ ಬರಬಹುದು. ಕಾಲಮಿತಿಯ ಕಾರಣಕ್ಕೆ ಬಿದ್ದದ್ದು ಮಾತ್ರ ಏಳೋದು ಕಷ್ಟ, ಕಳೆದ ಕಾಲ ವಾಪಸ್ ಬರೋದಿಲ್ಲ. ಮತ್ತೆ ಹೋಗುವ ಹೊತ್ತಿಗೆ ಆ ದೇಶದ ಘೋಷಣೆ ಇನ್ನೂ ಇದೆಯಾ ಅಂತ ಮೊದಲು ನೋಡಿಕೊಳ್ಳಿ. ಟಾಂಜಾನಿಯಾದವರಿಗೆ 2020ರ ನವೆಂಬರ್ ನಂತರ ಹೊಸದಾಗಿ ನೇರ ಅರ್ಜಿ ಹಾಕುವ ದಾರಿ ಇಲ್ಲ. ಅಂಥವರು ಆಫ್ರಿಕನ್ ಆಯೋಗಕ್ಕೆ ದೂರು ಕೊಡಬಹುದು, ಅದಕ್ಕೆ ಘೋಷಣೆ ಬೇಕಿಲ್ಲ. ಅಲ್ಲೂ ಇದೇ 56ನೇ ವಿಧಿ, ಇದೇ ಏಳು ಷರತ್ತು.

ನೀಲಿಶಾಯಿ:
ಜೊಂಗೊ ಮತ್ತು ಚಾಚಾ ತೀರ್ಪುಗಳನ್ನು ಇವತ್ತೇ ತೆಗೆದಿಟ್ಟುಕೊಂಡೆ. ಚಾಚಾದಲ್ಲಿ ಭಿನ್ನಮತದ ಅಭಿಪ್ರಾಯಗಳೂ ಇವೆ. ಅವನ್ನು ಓದಿ ಮುಗಿಸಿ ಇಲ್ಲೇ ಬರೆಯುತ್ತೇನೆ, ಬೇಸಿಗೆಮಳೆ ಅವರೇ, ನಿಮ್ಮ ವಾದಕ್ಕೆ ಅಲ್ಲಿ ಬಲ ಸಿಗಬಹುದು.